ಇಪ್ಪತ್ತೆರಡು ಗಂಟು

ಅಶೋಕ ರಸ್ತೆ ಗೇಟು ಬಿತ್ತು.
ಆಟೋದವನು ಇಂಜಿನ್ ಆರಿಸಿ ಬೀಡಿ ತಡಕಾಡುತ್ತಾನೆ.
ಜೊತೆಗಿದ್ದವರು ಇಳಿದು ಹೋಗಿ ಹಳಿ ಇಣುಕುತ್ತಾರೆ.
ನಾನು ಸಂಚಿ ಬಿಚ್ಚಿ, ಎಲೆಅಡಿಕೆಯ ಪಕ್ಕದಿಂದ
ಹಳದಿ ನೂಲು ತೆಗೆಯುತ್ತೇನೆ.
ಇವರ ರೈಲು ಬರುವಷ್ಟರಲ್ಲಿ
ನಾನೊಂದು ರೈಲು ಬಿಡಬಹುದು.

ಫುಜಿಗಾವೊಕಾ. ಹೊಂಗೊ.
ಇವೆರಡು ನೆಲದ ಮೇಲೆ, ಬಿಸಿಲುಂಟು.
ಆಮೇಲೆ ಬಿಲ ಹೊಕ್ಕಿತೆಂದರೆ
ದಾರಿ ಹೆಬ್ಬೆರಳಿಗೆ ಮಾತ್ರ ಗೊತ್ತು.

ಗಂಟು ಹಾಕುವ ಯಂತ್ರ ಕೂರಿಸಲು ಬಂದಿದ್ದ ಮಿಜುನೊ.
ವೈಂಡಿಂಗ್ ಖಾತೆಯಲ್ಲಿ ನಾವು ನಲವತ್ತು ಹೆಂಗಸರು
ಹರಿದ ಎಳೆಗೆ ಎಳೆ ಕೂಡಿಸಿ
ಗಂಟು ಹಾಕಿಯೇ ಉಣ್ಣುತ್ತಿದ್ದೆವು.
ಆ ಯಂತ್ರ ಗಂಟು ಹಾಕುವುದು
ನಮ್ಮ ಅನ್ನದ ಚೀಲದ ಬಾಯಿಗೆ ಅಂತ ಗೊತ್ತಿದ್ದೂ
ಅವನಿಗೆ ಮಂಡಕ್ಕಿ ಕೊಟ್ಟೆವು.
ಮಿರ್ಚಿ ಕಚ್ಚಿ ಕಣ್ಣೀರು ಸುರಿಸಿದ.
ಶಂಕರಿಬಾಯಿ ಅಂದಳು:
ಅಳಲಿ ಬಿಡೇ, ನಮ್ಮ ಪಾಲಿಂದು.

ಯಂತ್ರದ ಹೊಟ್ಟೆ ಬಿಚ್ಚಿ ಮತ್ತೆ ಹೊಲಿಯುವವನಿಗೆ
ಎರಡು ಬೆರಳಿನ ಕೈಗಂಟು ಬರುತ್ತಿರಲಿಲ್ಲ.
ನಾನೇ ಕಲಿಸಿದೆ.
ಕಲಿತ ಗುರುತಿಗೆ, ಊಟದ ಬಿಡುವಿನಲ್ಲಿ,
ತನ್ನೂರಿನ ನೆಲದೊಳಗಿನ ರೈಲನ್ನು
ಒಂದೇ ಎಳೆಯಲ್ಲಿ ಕಟ್ಟಿಕೊಟ್ಟ.
ಸ್ಟೇಷನ್ನಿಗೊಂದು ಗಂಟು.
ಆ ರೈಲೂ ಹಳದಿಯೇ ಅಂತೆ,
ಅರಿಶಿನ ಮೆತ್ತಿದ ಮದುಮಗಳ ಹಾಗೆ
ಕತ್ತಲಲ್ಲಿ ಓಡುತ್ತದಂತೆ.

ಒಂಬತ್ತನೆಯದು ಜೋಡಿ ಗಂಟು. ಇಕೆಶಿತಾ.
ಅಲ್ಲಿಳಿದರೆ ಅವನ ಮನೆ.
ಇಕೆ ಅಂದರೆ ಕೆರೆ, ಶಿತಾ ಅಂದರೆ ಕೆಳಗೆ,
ಮೇಸ್ತ್ರಿ ರುದ್ರಸ್ವಾಮಿ ಅರೆಬರೆ ಇಂಗ್ಲಿಷಿನಿಂದ ಬಿಡಿಸಿ ಹೇಳಿದ.
ನೆಲಕ್ಕೆ ಚೆಲ್ಲಿದ ಎಣ್ಣೆಯಲ್ಲಿ
ಮಿಜುನೊ ಬೆರಳಾಡಿಸಿ ಕೆರೆ ಬರೆದ.
ನೀರೈತಾ? ಕೇಳಿದೆ.
ಅಂಗೈಯಿಂದ ಒರೆಸಿಬಿಟ್ಟ.
ಮೇಲೆ ಅಂಗಡಿ, ಕೆಳಗೆ ರೈಲು,
ಮಧ್ಯದಲ್ಲಿ ಹೆಸರು.
ಮುಂದಿನದು ಇಮಾಇಕೆ, ಈಗಿನ ಕೆರೆ.
ಈಗ ಅದೂ ಇಲ್ಲ.

ನಮ್ಮೂರ ಬಾಲಕ್ಕೂ ಒಂದು ಕೆರೆ ಕಟ್ಟಿದ್ದಾರೆ ಅಂದೆ.
ದಾವಣಿ ಹೂಡಿ ಕುದುರೆಗೆ ನೀರು ಕುಡಿಸುತ್ತಿದ್ದರಂತೆ.
ಎಲ್ಲಿ? ಹುಬ್ಬಲ್ಲೇ ಕೇಳಿದ.
ಎಣ್ಣೆಯಾದ ನೆಲಕ್ಕೆ
ನಾನೂ ಅಂಗೈ ಆಡಿಸಿದೆ.

ಯಂತ್ರ ಏಳು ವರ್ಷ ಓಡಿತು.
ಶಂಕರಿಬಾಯಿ ಮಂಡಕ್ಕಿ ಭಟ್ಟಿಗೆ,
ನಾನು ರವಿಕೆಯ ಹುಕ್ಕು ಗುಂಡಿಗೆ.
ಒಂದು ದಿನ ಮಿಲ್ಲು ಕೂಗಲಿಲ್ಲ.
ಗಂಟು ಹಾಕುವ ಅಷ್ಟೂ ಬಾಯಿಗಳು
ಗುಜರಿಗೆ ಹೋದವು, ಕಿಲೋ ಲೆಕ್ಕದಲ್ಲಿ.
ಲಾರಿಗೆ ಹೊರುವಾಗ ನೋಡೋಕೆ ಹೋಗಿದ್ದೆ.
ಯಾಕೆ ಹೋದೆನೋ.

ಕಾಮೆಜಿಮಾ, ಆಮೆಯ ನಡುಗಡ್ಡೆ, ಹದಿನಾರನೆಯದು.
ಒಗೆಯುವ ನೀರಿಗೆ ಬಿದ್ದು ಬಿಚ್ಚಿಕೊಂಡಿತು.
ಅವನ ಗಂಟು ಯಾವತ್ತೂ ಕೊಂಚ ಸಡಿಲವೇ.
ಮತ್ತೆ ಹಾಕಬಲ್ಲೆ, ಕಣ್ಣು ಮುಚ್ಚಿ ಹಾಕಬಲ್ಲೆ.
ಹಾಕಿದರೆ ಅದು ನನ್ನ ಗಂಟು.
ಹಾಗಾಗಿ ನನ್ನ ರೈಲು ಅಲ್ಲಿ ನಿಲ್ಲುವುದಿಲ್ಲ.
ನುಣ್ಣಗಿನ ನೂಲ ಮೇಲೆ ಬೆರಳು ಜಾರುವಾಗ
ಪ್ಲಾಟ್‌ಫಾರ್ಮಿನಲ್ಲಿ ಒಂದು ಆಮೆ
ಕತ್ತೆತ್ತಿ ನೋಡಿದಂತಾಗುತ್ತದೆ.

ಮೊಮ್ಮಗಳು ನೇತ್ರಾ ಫೋನು ಹಿಡಿದು ತಾಳೆ ನೋಡಿದಳು:
ಅಜ್ಜಿ, ಈಗ ಆ ಹಳದಿ ಗಾಡಿ ಇಲ್ಲ.
ಬೆಳ್ಳಿ ಬಣ್ಣದ್ದು, ಹಳದಿ ಬರೀ ಪಟ್ಟಿ.
ಇರಲಿ ಬಿಡು ಅಂದೆ,
ನಂದು ಆ ವರ್ಷದ ಗಾಡಿ.

ನಕಾಮುರಾ ಎರಡು ಬರುತ್ತವೆ,
ಒಂದರಲ್ಲಿ ಆಸ್ಪತ್ರೆ, ಒಂದರಲ್ಲಿ ತೋಟ.
ತೋಟದ ಗಂಟಿನ ಮೇಲೆ ಬೆರಳಿದ್ದಾಗ
ಹುಬ್ಬಳ್ಳಿ ಕಡೆಯ ಗಾಡಿ ಆಟೋ ನಡುಗಿಸುತ್ತ ಹೋಯಿತು.
ಕಿಟಕಿಯಲ್ಲೊಂದು ಮಗು ಬಾಳೆಹಣ್ಣು ಸುಲಿಯುತ್ತಿತ್ತು.
ಗೇಟು ಏಳುತ್ತಿದೆ. ಹಾರನ್ನು ಶುರುವಾಯಿತು.

ಇವಾತ್ಸುಕಾ.
ಇಪ್ಪತ್ತೊಂದನೆಯದರ ಹೆಸರು ಹತ್ತಾ.
ಅವನು ಹೇಳಿಕೊಟ್ಟಾಗ ಇಡೀ ಖಾತೆ ನಕ್ಕಿತ್ತು:
ಹತ್ತೋದು ಎಲ್ಲಿಗೆ ಮಾರಾಯಾ?
ಅವನೂ ನಕ್ಕಿದ್ದ, ಅರ್ಥವಾಗದೆ.

ಆಟೋದವನು ಬೀಡಿ ಎಸೆದು
ಹಳಿಯ ಬಳಿ ನಿಂತವರನ್ನು ಕೂಗುತ್ತಿದ್ದಾನೆ,
ಹತ್ರಿ, ಹತ್ರಿ, ಬೇಗ ಹತ್ರಿ.